ಕತ್ತಲ ದಟ್ಟ ಮಾಡ್ರಿ, ಮಾವಾರ

ಸ್ವಂತ ದುಡಿಮೆಯಿಂದ ಮೇಲೆ ಬಂದವನಿಗೆ ಒಂದು ರೋಗವಿರುತ್ತದೆ. ಮೇಲೆ ಬಂದದ್ದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. ನನಗೂ ಇದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ದೇವದುರ್ಗದಲ್ಲಿ ಗಾರೆ ಹೊತ್ತು, ಈಗ ರಾಯಚೂರಿನಲ್ಲಿ ಗೌಂಡಿ ಮೇಸ್ತ್ರಿ ಎನಿಸಿಕೊಂಡವನು ನಾನು. ಈ ಊರಲ್ಲಿ ನಾನು ಕಟ್ಟಿದ ಗೋಡೆ ಒಂದೂ ವಾಲಿಲ್ಲ. ವಾಲಿದ್ದು ನಾನು ಬರೆದ ಆತ್ಮಕಥೆ ಮಾತ್ರ.

ನಮ್ಮ ಗೌಂಡಿಗಳ ಸಂಘದವರು ಸ್ಮರಣ ಸಂಚಿಕೆಗೆ ನಿಮ್ಮ ಜೀವನ ಬರೆದುಕೊಡಿ ಎಂದರು. ಮೊದಲು ಗಾರೆ ಹೊತ್ತೆ, ಆಮೇಲೆ ಕರಣಿ ಹಿಡಿದೆ ಎಂದು ಬರೆದೆ. ಮುಗಿಯಿತು. ಮಾನ್ವಿಯಲ್ಲಿ ಕನ್ನಡ ಮಾಸ್ತರರಾಗಿರುವ ಅಳಿಯಂದಿರು ಓದಿ ಮುಖ ಸಿಂಡರಿಸಿದರು.

"ಮಾವಾರ, ಇದು ಆತ್ಮಕಥಿ ಅಲ್ಲ, ಹಾಜರಿ. ಮನಷ್ಯಾ ಬದಲಾಗ್ಯಾನ ಅಂತ ಕಾಣಬೇಕಂದ್ರ ಮೊದಲು ಕತ್ತಲ ದಟ್ಟ ಮಾಡ್ರಿ, ಆಮ್ಯಾಲ ದೀಪ ಹಚ್ರಿ. ಉಪಮೆ ಹಾಕ್ರಿ, ಒಂದೀಟು ಉತ್ಪ್ರೇಕ್ಷೆ ಸುರೀರಿ."

ಸಿಮೆಂಟಿಗೆ ಮರಳು ಬೆರೆಸುವುದು ನನಗೆ ಹೊಸದೇ? ಬೆರೆಸಿದೆ. ನಾನು ಮೊದಲು ಕಾಲಡಿಯ ಕಲ್ಲಾದೆ, ಆಮೇಲೆ ಗೋಪುರವಾದೆ. ಒಂದು ಹೊತ್ತಿನ ಉಪವಾಸ ಮೂರು ದಿನಕ್ಕೆ ಬೆಳೆಯಿತು. ಕತ್ತಲು ಇನ್ನೂ ಸಾಲದೆನಿಸಿ, ಮನೆಯೊಳಗಿನ ಮಾತೊಂದನ್ನು ತಂದು ಸುರಿದೆ. ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳುತ್ತದೆ. ಸಪ್ಪಳವಿಲ್ಲದ ಮನೆಯಲ್ಲಿ ಹಿಟ್ಟಿಲ್ಲವೆಂದೇ ಅರ್ಥ. ಹಿಟ್ಟಿಲ್ಲದ ಸಂಜೆ ನಮ್ಮವ್ವ ಬಾಗಿಲು ಮುಚ್ಚಿಕೊಂಡು, ಬರಿಯ ಮಣೆಯ ಮೇಲೆ ಬರಿಗೈ ಬಡಿಯುತ್ತಿದ್ದಳು. ಅದನ್ನು ಬರೆದೆ. ಅಳಿಯಂದಿರು ಕಣ್ಣೊರೆಸಿಕೊಂಡು, "ಈಗ ಬಂತು ನೋಡ್ರಿ!" ಎಂದರು.

ಅವ್ವ ಹಾಸಿಗೆ ಹಿಡಿದಿದ್ದಳು. ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿಯಾಗಿತ್ತು. ಕಣ್ಣು ಮುಚ್ಚುವ ಮೊದಲು ಮಗನ ಹಿರಿಮೆ ಕೇಳಲಿ ಎಂದು ಪಕ್ಕದಲ್ಲಿ ಕೂತು ಓದಿದೆ. ಗೋಪುರ ಬಂದಾಗ ನಕ್ಕಳು. ಮಣೆ ಬಂದಾಗ ನಗು ನಿಂತಿತು.

"ಲೇ ಹಣಮ್ಯಾ, ನಾ ಸಪ್ಪಳ ಮಾಡತಿದ್ದದ್ದು ಯಾಕಲೇ?"

"ಓಣ್ಯಾಗ ಗೊತ್ತಾಗಬಾರದಂತ, ಯವ್ವಾ."

"ಮತ್ತ ನೀ ಅಚ್ಚು ಹಾಕಿಸಾಕತ್ತಿ? ನೀ ದೊಡ್ಡಾಂವ ಅನಸ್ಕೊಳ್ಳಾಕ ನನ್ನ ಬರಿಗೈ ತೋರಸಬೇಕೇನು? ತಗದುಹಾಕು. ನನ್ನ ತಲಿ ಮುಟ್ಟಿ ಆಣಿ ಮಾಡು."

ಮುಟ್ಟಿದೆ. ತಲೆ ಕಾದ ಹಂಚಿನ ಹಾಗಿತ್ತು. ಉಪಮೆಯಲ್ಲ, ಜ್ವರವಿತ್ತು. ಆ ಭಾಗದ ಜೊತೆಗೆ ಗೋಪುರ, ಉಪವಾಸ ಎಲ್ಲವನ್ನೂ ಕಿತ್ತು ಹಾಕಿದೆ. ಮತ್ತೆ ಹಾಜರಿಯೇ ಉಳಿಯಿತು. ಸಂಘದವರು ಅದನ್ನೇ ಅಚ್ಚು ಹಾಕಿದರು.

ಕೆಲವೇ ದಿನಕ್ಕೆ ಅವ್ವ ಹೋದಳು. ದೇವದುರ್ಗದಿಂದ ಖಾಸಿಂಬಿ ಚಾಚಿ ಬಂದಳು. ನಾನು ಬೆಳೆದ ಆ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವ್ವನ ತಣ್ಣಗಾದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೇವರಿಸಿದಳು.

"ಎಷ್ಟು ಬಡದಿ ಯವ್ವಾ ಈ ಕೈಲೆ," ಎಂದು ಅತ್ತು, ನನ್ನ ಕಡೆ ತಿರುಗಿದಳು. "ಹಿಟ್ಟಿದ್ರ ಸಪ್ಪಳ ಮೆತ್ತಗ ಬರ್ತದ ಬೇಟಾ. ಬರೇ ಮಣಿ ಬ್ಯಾರೇನ ಕೂಗ್ತದ. ನಮಗೆಲ್ಲಾ ಗೊತ್ತಿತ್ತು. ಗೊತ್ತದ ಅನ್ನೋದು ನಿಮ್ಮವ್ವಗ ತಿಳೀಬಾರದಂತ ಸುಮ್ಮಿದ್ವಿ."

ಅದು ಅವ್ವನಿಗೆ ತಿಳಿಯದೇ ಹೋಯಿತಲ್ಲ, ಅಷ್ಟೇ ನನ್ನ ಸಮಾಧಾನ. ಒಂದಿಡೀ ಓಣಿ ಬಾಯಿ ಕಟ್ಟಿಕೊಂಡು ಕಾಪಾಡಿದ ಮಾತು ನನ್ನೊಬ್ಬನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅವಳ ತಲೆ ಮುಟ್ಟಿ ಆಣೆ ಮಾಡಿದವನು, ನೋಡಿ, ಎಲ್ಲವನ್ನೂ ಬರೆದು ನಿಮ್ಮ ಕೈಗಿಟ್ಟಿದ್ದೇನೆ. ಮನುಷ್ಯ ಬದಲಾದದ್ದು ಕಾಣಬೇಕು ಎನ್ನುತ್ತಾರೆ ಅಳಿಯಂದಿರು. ಎಲ್ಲಿಂದ ತಂದು ತೋರಿಸಲಿ?