ಮುತ್ತಜ್ಜನ ವೋಟು

ಆ ಒಂದು ಉಡುಗೊರೆ ಬರದೇ ಇದ್ದಿದ್ದರೆ ಕಾರ್ಮೈನ್ ಲೊಬಿಯಾಂಕೊ ಈ ಹೊತ್ತಿಗೆ ಸಿಸಿಲಿಯ ಸಮುದ್ರದ ದಂಡೆಯಲ್ಲಿ ಬರಿಗಾಲು ಚಾಚಿ ಕೂತಿರುತ್ತಿದ್ದ.

ಉಡುಗೊರೆ ತಂದವನು ಪಕ್ಕದ ಮನೆಯ ಸ್ಟ್ಯಾನ್ ವೊಯ್ಚಿಕ್. ಸ್ಟ್ಯಾನ್ ಕೆಟ್ಟವನು ಅನ್ನಲು ನಮ್ಮ ಬೀದಿಯಲ್ಲಿ ಯಾರಿಗೂ ಬಾಯಿ ಬರುವುದಿಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಮುಖದ ಮೇಲೆ ಬಾಗಿಲು ಹಾಕಬಹುದಿತ್ತು. ಅಂಚೆ ಹಂಚುವ ಕೆಲಸದಿಂದ ನಿವೃತ್ತನಾದ ಮೇಲೆ ಅವನಿಗೆ ವಂಶವೃಕ್ಷ ಹುಡುಕುವ ಹುಚ್ಚು ಹಿಡಿದಿತ್ತು. ಪೋಲೆಂಡಿನಿಂದ ಬಂದ ತನ್ನ ಹಿರಿಯರನ್ನೆಲ್ಲ ಹುಡುಕಿ ಮುಗಿಸಿ, ಕೈ ಸುಮ್ಮನಿರದೆ, ಈಗ ಅಕ್ಕಪಕ್ಕದವರ ಹಿರಿಯರಿಗೆ ಗಂಟುಬಿದ್ದಿದ್ದ.

ಫೆಬ್ರವರಿಯ ಆ ಬೆಳಿಗ್ಗೆ ಟೋಪಿಯ ಮೇಲಿನ ಹಿಮವನ್ನೂ ಕೊಡವದೆ ಸ್ಟ್ಯಾನ್ ನೇರ ಕಾರ್ಮೈನನ ಅಡುಗೆಮನೆಗೆ ನುಗ್ಗಿ, ಕಟ್ಟು ಹಾಕಿಸಿದ ಒಂದು ಪಟವನ್ನು ಮೇಜಿನ ಮೇಲಿಟ್ಟ.

"ಸಂಜೆ ಬೀಳ್ಕೊಡುಗೆ ಪಾರ್ಟಿಲೇ ಕೊಡೋಣ ಅಂದ್ಕೊಂಡಿದ್ದೆ ಕಣೋ. ತಡೆಯೋಕೆ ಆಗ್ಲಿಲ್ಲ. ನೋಡು, ನಿಮ್ಮ ಮುತ್ತಜ್ಜ!"

ಕಾರ್ಮೈನ್ ಕನ್ನಡಕ ಏರಿಸಿಕೊಂಡು ನೋಡಿದ. ಪಟದಲ್ಲಿ ಮುತ್ತಜ್ಜನ ಮೂಗೂ ಇರಲಿಲ್ಲ, ಮೀಸೆಯೂ ಇರಲಿಲ್ಲ. ಗೆರೆ ಎಳೆದ ಹಳೇ ಹಾಳೆಯೊಂದರ ನಕಲು. ಷಿಕಾಗೋ ನಗರದ ಮತದಾರರ ನೋಂದಣಿ, 1892. ಅದರ ನಡುವೆ ಸ್ಟ್ಯಾನ್ ಹಳದಿ ಬಣ್ಣ ಬಳಿದಿದ್ದ ಒಂದು ಸಾಲು: ಸಾಲ್ವತೋರೆ ಲೊಬಿಯಾಂಕೊ, ಹುಟ್ಟಿದ್ದು ಇಟಲಿ, ಅಮೆರಿಕದ ಪ್ರಜೆ, ಕಾಗದ ಸಿಕ್ಕಿದ್ದು 1886ರಲ್ಲಿ.

"ಹೆಂಗಿದೆ?" ಅಂದ ಸ್ಟ್ಯಾನ್.

ಕಾರ್ಮೈನನ ಮುಖ ಹಸಿ ಹಿಟ್ಟಿನ ಬಣ್ಣಕ್ಕೆ ತಿರುಗಿತು.

ಅದಕ್ಕೆ ಕಾರಣವಿತ್ತು. ಕಾರ್ಮೈನ್ ಮೂವತ್ತು ವರ್ಷ ಸಿಟಿ ಬಸ್ ಓಡಿಸಿ ದಣಿದವನು. ಅವನ ಹೆಂಡತಿ ಲೊರೇನಳ ಮಂಡಿಗಳಿಗೆ ಷಿಕಾಗೋದ ಚಳಿ ಅಂದರೆ ಪ್ರಾಣಸಂಕಟ. ಮುತ್ತಜ್ಜನ ಊರಿಗೇ ಹೋಗಿ, ಬಿಸಿಲಲ್ಲಿ ಕೂತು ಉಳಿದ ಕಾಲ ಕಳೆಯೋಣ ಎಂದು ಅವನು ಅವಳಿಗೆ ಮಾತು ಕೊಟ್ಟಿದ್ದ. ಅಲ್ಲೇ ನೆಲೆಸಬೇಕಾದರೆ ಇಟಲಿಯ ಪೌರತ್ವ ಬೇಕು. ಮುತ್ತಜ್ಜ ಇಟಲಿಯವನಾಗಿದ್ದಾಗಲೇ ಅಜ್ಜ ಹುಟ್ಟಿದ್ದರೆ, ಆ ಪೌರತ್ವ ಅಪ್ಪನಿಂದ ಮಗನಿಗೆ ಇಳಿದು ಕಾರ್ಮೈನನವರೆಗೂ ಬರುತ್ತದೆ. ಅಜ್ಜ ಹುಟ್ಟುವ ಮೊದಲೇ ಮುತ್ತಜ್ಜ ಅಮೆರಿಕದ ಪ್ರಜೆಯಾಗಿದ್ದರೆ ಕೊಳಾಯಿ ಅಲ್ಲಿಗೇ ಬಂದ್.

ಅಜ್ಜ ಹುಟ್ಟಿದ್ದು 1894ರಲ್ಲಿ. ಮುತ್ತಜ್ಜ ಪ್ರಜೆಯಾದ ದಾಖಲೆ ಎಲ್ಲೂ ಇಲ್ಲ ಎಂದು ಕಾರ್ಮೈನ್ ಬರೆದುಕೊಟ್ಟಿದ್ದ. ವರ್ಷಗಟ್ಟಲೆ ಕಾದ ಮೇಲೆ ಸಿಕ್ಕ ಇಟಲಿ ದೂತಾವಾಸದ ಕೊನೆಯ ಭೇಟಿ ಆ ದಿನ ಮಧ್ಯಾಹ್ನವೇ ಇತ್ತು.

"ಸ್ಟ್ಯಾನ್," ಅಂದ ಕಾರ್ಮೈನ್ ಮೆಲ್ಲಗೆ, ಬಾಗಿಲ ಕಡೆ ನೋಡುತ್ತಾ. "ಇದನ್ನ ಯಾರಿಗೂ ತೋರಿಸಿಲ್ಲ ತಾನೇ?"

"ಯಾರಿಗೂ ಇಲ್ಲಪ್ಪ. ದೂತಾವಾಸದೋರಿಗೆ ಮಾತ್ರ ಒಂದು ಕಾಪಿ ಕೊಟ್ಟು ಬಂದೆ, ನಿನ್ನೆ. ನಿನ್ನ ಕೆಲಸ ಬೇಗ ಆಗ್ಲಿ ಅಂತ. ಆ ಮೇಡಂ ತುಂಬಾ ಥ್ಯಾಂಕ್ಸ್ ಹೇಳಿದ್ರು."

ಕಾರ್ಮೈನ್ ಪಟ ಎತ್ತಿದ. ಅದನ್ನು ಸ್ಟ್ಯಾನನ ತಲೆಗೆ ಹಾಕಬೇಕೋ ತನ್ನ ತಲೆಗೋ ತಿಳಿಯದೆ ಮತ್ತೆ ಕೆಳಗಿಟ್ಟ. ಕಾನೂನು ಬಿಡಿಸಿ ಹೇಳಿದ ಮೇಲೆ ಸ್ಟ್ಯಾನನ ಕಣ್ಣಲ್ಲೂ ನೀರು ಬಂತು.

"ಅಯ್ಯೋ, ನನ್ನ ಕೈ ಸೇದಿ ಹೋಗ! ನಾನೇ ಕೆಡ್ಸಿದೀನಿ, ನಾನೇ ಸರಿ ಮಾಡ್ತೀನಿ, ನಡಿ. ಪ್ರಜೆಯಾದೋರು ತಾನೇ ವೋಟು ಹಾಕೋದು? ನಿಮ್ಮ ಮುತ್ತಜ್ಜ ವೋಟೇ ಹಾಕಿಲ್ಲ ಅಂತ ಹೇಳೋರು ಯಾರಾದ್ರೂ ಇದಾರಾ?"

ಇದ್ದರು. ಕಾರ್ಮೈನನ ಸೋದರತ್ತೆ ಇಮ್ಮಾ. ವಯಸ್ಸು ತೊಂಬತ್ತು ದಾಟಿತ್ತು. ತನ್ನ ಅಜ್ಜನ, ಅಂದರೆ ಕಾರ್ಮೈನನ ಮುತ್ತಜ್ಜನ, ತೊಡೆ ಮೇಲೆ ಕೂತು ಬೆಳೆದವಳು. ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಇಬ್ಬರೂ ಹೋದಾಗ ಅತ್ತೆ ನೆರೆಮನೆಯ ಇಬ್ಬರು ಹೆಂಗಸರನ್ನು ಕೂರಿಸಿಕೊಂಡು ಸಂಜೆಯ ಪಾರ್ಟಿಗೆ ಹಿಟ್ಟು ಲಟ್ಟಿಸಿ, ಹೂರಣ ತುಂಬಿ ರವಿಯೋಲಿ ಮಡಚುತ್ತಿದ್ದಳು.

"ಅತ್ತೆ, ಮುತ್ತಜ್ಜ ವೋಟು ಗೀಟು ಅಂತೆಲ್ಲ ತಲೆ ಕೆಡಿಸ್ಕೊಂಡೋನೇ ಅಲ್ಲ ಅಲ್ವಾ?" ಕಾರ್ಮೈನ್ ನಯವಾಗಿ ಕೇಳಿದ. "ಹಾಗಂತ ಒಂದು ಕಾಗದದಲ್ಲಿ ಬರೆದು ಸೈನ್ ಹಾಕಿಕೊಡ್ತೀಯಾ?"

ಅತ್ತೆಯ ಕೈಯಲ್ಲಿದ್ದ ಲಟ್ಟಣಿಗೆ ನಿಂತುಬಿಟ್ಟಿತು.

"ಏನಂದೆ? ನಮ್ಮಜ್ಜ ವೋಟು ಹಾಕಿಲ್ವಾ? ಲೋ, ನ್ಯುಮೋನಿಯಾ ಬಂದು ಪಾದ್ರಿ ಬಂದು ಸಾಯೋರಿಗೆ ಹಚ್ಚೋ ಎಣ್ಣೆ ಹಚ್ಚಿ ಹೋದ್ಮೇಲೂ ಎದ್ದು ಹೋಗಿ ವೋಟು ಹಾಕ್ಬಂದೋನು ಕಣೋ ಅವನು! ಅಂಥೋನ ಮೇಲೆ ಇಂಥಾ ಅಪವಾದ ಹೊರಿಸ್ತಿದೀಯಲ್ಲ, ನಿನ್ನ ನಾಲಿಗೆ ಬಿದ್ದೋಗ!"

"ನಮ್ಮಪ್ಪನೂ ಅಷ್ಟೇ, ಒಂದೂ ತಪ್ಪಿಸ್ತಿರ್ಲಿಲ್ಲ," ಅಂದಳು ಒಬ್ಬಳು ನೆರೆಯವಳು.

"ನಮ್ಮಪ್ಪ ಮಧ್ಯಾಹ್ನ ಊಟ ಮಾಡಿ ಇನ್ನೊಂದ್ಸಲ ಹೋಗೋನು," ಅಂದಳು ಇನ್ನೊಬ್ಬಳು, ಬಿಟ್ಟುಕೊಡಲು ಮನಸ್ಸಿಲ್ಲದೆ.

"ಅತ್ತೆ, ದಯವಿಟ್ಟು ಕೇಳು. ಈ ಮಾತು ದೂತಾವಾಸದಲ್ಲಿ ಗೊತ್ತಾದ್ರೆ ನಾನು ಕೆಟ್ಟೆ. ಲೊರೇನ್‌ಗೆ ಏನು ಹೇಳ್ಲಿ?"

"ನಿಜ ಹೇಳು. ಅಲ್ಲಿ ನೀನು ಸುಳ್ಳು ಹೇಳಿದ್ರೆ ನಾನೇ ಬಂದು ಎಲ್ರೆದುರೂ ನಿನ್ನ ಕಿವಿ ಹಿಂಡ್ತೀನಿ!"

ಅತ್ತೆ ಲಟ್ಟಣಿಗೆ ಬೀಸಿದ ರಭಸಕ್ಕೆ ಮೈಮೇಲೆಲ್ಲ ಹಿಟ್ಟು ಮಾಡಿಕೊಂಡು ಇಬ್ಬರೂ ಬೀದಿಗೆ ಬಿದ್ದರು. ಆ ಹಳದಿ ಸಾಲಿನಲ್ಲಿ ಏನಾದರೂ ತಪ್ಪು ಸಿಗಬಹುದೆಂದು ಅಲ್ಲಿಂದ ಸ್ಟ್ಯಾನ್ ತನ್ನ ಕಾರಿನಲ್ಲಿ ಕಾರ್ಮೈನನನ್ನು ಹಳೇ ದಾಖಲೆಗಳನ್ನಿಟ್ಟಿರುವ ಲೈಬ್ರರಿಗೆ ಎಳೆದುಕೊಂಡು ಹೋದ. ಅಲ್ಲಿ ಎಲ್ಲರಿಗೂ ಅವನ ಪರಿಚಯ. ಅವನು ಒಳಗೆ ಬಂದ ಕೂಡಲೇ ಕೆಲವರು ಕುರ್ಚಿ ಬದಲಾಯಿಸಿದ್ದನ್ನು ಕಾರ್ಮೈನ್ ಗಮನಿಸಿದ.

ಸ್ಟ್ಯಾನ್ ಹಳೇ ದಾಖಲೆಗಳ ಫೋಟೋ ತೆಗೆದಿಟ್ಟ ಫಿಲ್ಮಿನ ಸುರುಳಿ ತಿರುಗಿಸಿದ. ನೋಂದಣಿಯಲ್ಲಿದ್ದ ಮನೆ ನಂಬರು ಹೋಗಿ ಸೇರಿದ್ದು ಆಗ ವಾರ್ಡಿನ ವೋಟೆಲ್ಲ ಮುಷ್ಟಿಯಲ್ಲಿಟ್ಟುಕೊಂಡಿದ್ದ ಫಿನ್ನರ್ಟಿ ಎಂಬ ಐರಿಷ್ ಸಾರಾಯಿ ಅಂಗಡಿಯವನ ಕಟ್ಟಡಕ್ಕೆ. ಮೇಲಿನ ಮಹಡಿಯಲ್ಲಿ ಬಾಡಿಗೆ ಮಂಚಗಳು. ಮುತ್ತಜ್ಜ ಮೊದಲು ಇಳಿದುಕೊಂಡಿದ್ದೂ ಅಲ್ಲೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾರ್ಮೈನ್ ತಲೆ ಮೇಲೆ ಕೈ ಹೊತ್ತು ಕೂತ. ಲೊರೇನ್ ಬೇಸಿಗೆ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿ ಪೆಟ್ಟಿಗೆ ತುಂಬಿದ್ದು ನೆನಪಾಗಿ ಅವನಿಗೆ ನಿಜಕ್ಕೂ ಅಳು ಬಂತು.

ಸ್ಟ್ಯಾನ್ ಮಾತ್ರ ಬಿಡುವ ಆಸಾಮಿಯಲ್ಲ. ಇಟಲಿಯವರ ಚರ್ಚಿನ ಸಮಾಧಿ ದಾಖಲೆ ತರಿಸಿದ. ಒಂದೆರಡು ಸುರುಳಿ ತಿರುಗಿಸುವಷ್ಟರಲ್ಲಿ ಲೈಬ್ರರಿಯಲ್ಲಿದ್ದೇವೆ ಎಂಬುದನ್ನೇ ಮರೆತು ಕೂಗಿದ.

"ಸತ್ತಿದಾನೆ! ಲೋ ಕಾರ್ಮೈನ್, ಸತ್ತೋಗಿದಾನೆ ಕಣೋ!"

"ಯಾರು?"

"ಈ ಸಾಲ್ವತೋರೆ! ಅದೇ ಫಿನ್ನರ್ಟಿ ಮನೆ. 1889ರಲ್ಲೇ ಮಣ್ಣು ಮಾಡಿದಾರೆ. 1892ರಲ್ಲಿ ವೋಟರಾಗಿ ಹೆಸರು ಬರೆಸಿದಾನೆ!"

ಕಾರ್ಮೈನನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹುಟ್ಟಿದ್ದು ಬೆಳೆದದ್ದು ಷಿಕಾಗೋದಲ್ಲೇ ಆದ್ದರಿಂದ, ಸತ್ತವನು ವೋಟು ಹಾಕಿದ್ದು ಅವನಿಗೆ ಆಶ್ಚರ್ಯ ಅನ್ನಿಸಲಿಲ್ಲ. ನಮ್ಮೂರಲ್ಲಿ ಆಗಿನ ಕಾಲಕ್ಕೆ ಅದು ಮಾಮೂಲಿ. ವಾರ್ಡಿನ ಯಜಮಾನನಿಗೆ ಜನ ಸತ್ತರೂ ವೋಟು ಸಾಯಬಾರದು. ಆದರೆ ಮುತ್ತಜ್ಜ ಆಮೇಲೂ ನಲವತ್ತೈವತ್ತು ವರ್ಷ ಗುಂಡುಕಲ್ಲಿನಂತೆ ಬದುಕಿದ್ದ!

"ಹಾಗಾದ್ರೆ ಇವನು ಬೇರೆ ಸಾಲ್ವತೋರೆ," ಕಾರ್ಮೈನ್ ಎದ್ದು ನಿಂತ. "ಅಮೆರಿಕದ ಪ್ರಜೆಯಾದೋನು ಈ ಸತ್ತೋನು. ನಮ್ಮ ಮುತ್ತಜ್ಜ ಅಲ್ಲ!"

"ಅಲ್ವೇ ಅಲ್ಲ!"

ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಲೈಬ್ರರಿಯ ಹೆಂಗಸು ಬಂದು, ಇಲ್ಲಿ ಕುಣಿಯುವಂತಿಲ್ಲ, ಸತ್ತವರ ವಿಷಯದಲ್ಲಂತೂ ಕುಣಿಯಲೇಬಾರದು ಎಂದು ಗದರಿದಳು. ಸಮಾಧಿ ದಾಖಲೆಯ ನಕಲು ಕೊಟ್ಟ ಮೇಲೆ ಅವಳಿಗೂ ಕಾರ್ಮೈನನಿಂದ ಒಂದು ಅಪ್ಪುಗೆ ಸಿಕ್ಕಿತು.

ದೂತಾವಾಸದ ಕಿಟಕಿಯ ಆಚೆ ಕೂತಿದ್ದವರು ಸಿನ್ಯೋರಾ ಪಾವಾನ್. ಸಣ್ಣ ಹೆಂಗಸು, ದೊಡ್ಡ ಕನ್ನಡಕ. ಅವರ ಮುಂದೆ ಕಾರ್ಮೈನನ ದಪ್ಪ ಫೈಲು, ಅದರ ಮೇಲೆ ಸ್ಟ್ಯಾನ್ ಕೊಟ್ಟ ನಕಲು. ಲೊರೇನ್ ಇನ್ನೂ ಬಂದಿರಲಿಲ್ಲ. ಕಾರ್ಮೈನ್ ಸಮಾಧಿ ದಾಖಲೆಯನ್ನು ಹೆಮ್ಮೆಯಿಂದ ಒಳಗೆ ತಳ್ಳಿದ.

ಪಾವಾನ್ ಓದಿದರು. ಹುಬ್ಬು ಗಂಟಾಯಿತು.

"ಈ ತೀರಿಕೊಂಡವರ ಊರು, ಹುಟ್ಟಿದ ವರ್ಷ ಎರಡೂ ನಿಮ್ಮ ಮುತ್ತಜ್ಜನ ಜನನ ಪತ್ರದ ಜೊತೆ ಸರಿಹೋಗ್ತಿದೆಯಲ್ಲ?"

"ಮೇಡಂ, ನೀವೇ ಹೇಳಿ. ಸಿಸಿಲಿಯಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಅಜ್ಜನ ಹೆಸರೇ ತಾನೇ ಇಡೋದು? ಒಂದು ಮನೆಯಲ್ಲಿ ಐದು ಜನ ಅಣ್ಣತಮ್ಮಂದಿರು ಇದ್ರೆ ಐದು ಜನ ಸಾಲ್ವತೋರೆ ಹುಟ್ತಾರೆ."

ಪಾವಾನ್ ಮೊದಲ ಬಾರಿಗೆ ನಕ್ಕರು. "ಅದು ನಿಜ. ನಮ್ಮ ಮನೇಲಿ ನಾಲ್ಕು ಜನ ಕಲೋಜೆರೋಗಳಿದ್ದಾರೆ. ಊಟಕ್ಕೆ ಕರೆದ್ರೆ ಎಲ್ಲರೂ ಬರ್ತಾರೆ." ಎರಡೂ ಕಾಗದಗಳನ್ನು ಮತ್ತೊಮ್ಮೆ ನೋಡಿ ಸ್ಟ್ಯಾನನ ನಕಲನ್ನು ಫೈಲಿನಿಂದ ತೆಗೆದು ಪಕ್ಕಕ್ಕಿಟ್ಟರು. "ಸರಿ. ಇವರು ಬೇರೆಯವರು ಅಂತ ಆಯ್ತು. ಒಂದೇ ಪ್ರಶ್ನೆ, ಬಾಯಿಮಾತಿಗೆ. ನಿಮ್ಮ ಮುತ್ತಜ್ಜ ಇಲ್ಲಿ ಯಾವತ್ತೂ ವೋಟು ಹಾಕಿಲ್ಲ ತಾನೇ?"

ಅವರ ಬಲಗೈ ಆಗಲೇ ಮೊಹರಿನ ಮೇಲಿತ್ತು.

"ಜನ್ಮದಲ್ಲಿ ಹಾಕಿಲ್ಲ ಮೇಡಂ," ಅಂದ ಕಾರ್ಮೈನ್.

"ಸುಳ್ಳ!"

ಹಿಂದಿನಿಂದ ಬಂದ ಆ ಕೂಗಿಗೆ ಸರತಿಯಲ್ಲಿದ್ದವರೆಲ್ಲ ತಿರುಗಿದರು. ಬಾಗಿಲಲ್ಲಿ ಇಮ್ಮಾ ಅತ್ತೆ ಕೋಲೂರಿ ನಿಂತಿದ್ದಳು. ಅವಳನ್ನು ಹಿಡಿದುಕೊಂಡು ಲೊರೇನ್.

"ಆಶೀರ್ವಾದ ಮಾಡೋಕೆ ಬರ್ತೀನಿ ಅಂದ್ರು," ಲೊರೇನ್ ಪೆಚ್ಚಾಗಿ ಹೇಳಿದಳು. "ಖುಷಿಯಿಂದ ಕರ್ಕೊಂಡು ಬಂದೆ."

ಅತ್ತೆ ಸರತಿಯನ್ನು ಸೀಳಿಕೊಂಡು ಕಿಟಕಿಗೆ ಬಂದಳು. "ಅಮ್ಮಾ, ಇವನ ಮಾತು ಕೇಳ್ಬೇಡಿ. ನಮ್ಮಜ್ಜ ಒಂದು ಎಲೆಕ್ಷನ್ನೂ ತಪ್ಪಿಸಿಲ್ಲ. ಇದೇ ಮೊದಲನೇದು, ನೋಡಿ!" ಎಂದು ಪಕ್ಕಕ್ಕಿಟ್ಟಿದ್ದ ನಕಲಿನ ಹಳದಿ ಸಾಲಿನ ಮೇಲೆ, ಗಾಜಿನ ಈಚೆಯಿಂದಲೇ, ಕುಕ್ಕಿ ತೋರಿಸಿದಳು.

"ಆದ್ರೆ ಅಜ್ಜಿ, ಈ ಮನುಷ್ಯ ಆಗಲೇ ತೀರಿಕೊಂಡಿದ್ರಲ್ಲ?"

"ತೀರ್ಕೊಂಡಿದ್ದ, ಪಾಪ. ಒಳ್ಳೇ ಮನುಷ್ಯನಂತೆ. ಆದ್ರೆ ಅವನ ವೋಟು ಗಟ್ಟಿಯಾಗಿತ್ತಲ್ಲ, ಸುಮ್ನೆ ಹಾಳು ಮಾಡೋಕಾಗುತ್ತಾ? ನಮ್ಮಜ್ಜ ಆಗತಾನೇ ಹಡಗಿಳಿದು ಬಂದಿದ್ದ. ಫಿನ್ನರ್ಟಿ ಕರೆದು, ಇಗೋ ಇವನ ಮಂಚ, ಇವನ ಕೋಟು, ಇವನ ಪ್ರಜೆ ಕಾಗದ, ಇವತ್ತಿಂದ ನೀನೇ ಸಾಲ್ವತೋರೆ ಲೊಬಿಯಾಂಕೊ, ಹೋಗಿ ವೋಟು ಹಾಕ್ಬಾ, ನಾಳೆಯಿಂದ ಇಟ್ಟಿಗೆ ಹೊರೋ ಕೆಲಸ ಅಂದ. ಅಜ್ಜ ಹಂಗೇ ಇದ್ದುಬಿಟ್ಟ. ಆ ಹೆಸರಲ್ಲೇ ಮದುವೆನೂ ಆಯ್ತು."

ಪಾವಾನ್ ಅವರ ಕೈ ಮೆಲ್ಲಗೆ ಮೊಹರು ಬಿಟ್ಟು ಈಚೆ ಬಂತು.

"ಅಂದ್ರೆ ಈ ಫೈಲಲ್ಲಿರೋ ಜನನ ಪತ್ರ..."

"ಸತ್ತೋನದು," ಅಂದಳು ಅತ್ತೆ ಧಾರಾಳವಾಗಿ.

"ಅತ್ತೆ!" ಕಾರ್ಮೈನ್ ಅವಳ ಕಡೆ ತಿರುಗಿದ. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನಿಮ್ಮಪ್ಪಂಗೆ ಗೊತ್ತಿತ್ತು. ನೀನು ಯಾವತ್ತಾದ್ರೂ ಕೂತು ಕೇಳಿದೀಯಾ? ಯಾವಾಗ ನೋಡಿದ್ರೂ ಬಸ್ಸು, ಬಸ್ಸು."

"ಮತ್ತೆ ಅವರ ನಿಜವಾದ ಹೆಸರು?" ಪಾವಾನ್ ಕೇಳಿದರು.

"ಸ್ಪಿರೋಸ್ ಏನೋ. ಗ್ರೀಸಿನಿಂದ ಬಂದ ಹೆಸರು."

ಕಾರ್ಮೈನ್ ಅಲ್ಲೇ ಇದ್ದ ಬೆಂಚಿನ ಮೇಲೆ ಕುಸಿದ. ಲೊರೇನ್ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು, ಆದರೂ ಅವಳೇ ಮೊದಲು ಧೈರ್ಯ ತಂದುಕೊಂಡಳು.

"ಹೋಗ್ಲಿ ಬಿಡು. ಗ್ರೀಸಲ್ಲೂ ಸಮುದ್ರ ಇದೆಯಲ್ಲ. ಬಿಸಿಲೂ ಇದೆ."

ಕಾರ್ಮೈನ್ ತಲೆ ಎತ್ತಿದ. ಹೌದಲ್ಲ! ಸ್ಟ್ಯಾನ್ ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದ. "ಸ್ಪಿರೋಸ್ ಮುಂದೇನು ಹೇಳಿ ಅತ್ತೆ, ನಾಳೆ ಬೆಳಿಗ್ಗೆನೇ ಗ್ರೀಕರ ದಾಖಲೆ ಹಿಡ್ಕೊಂಡು ಕೂರ್ತೀನಿ!"

"ಕೂತು ಏನು ಮಾಡ್ತೀಯಪ್ಪ?" ಅಂದಳು ಅತ್ತೆ. "ಆ ಹೆಸರೂ ಅವನದಲ್ವಲ್ಲ. ಅದು ಹಡಗಲ್ಲಿ ಯಾವನೋ ಗ್ರೀಕನ ಜೊತೆ ಇಸ್ಪೀಟಾಡಿ ಗೆದ್ದಿದ್ದು."

"ಹಾಗಾದ್ರೆ ಅವನು ಯಾವ ದೇಶದೋನು?" ಕಾರ್ಮೈನ್ ಹೆಚ್ಚುಕಡಿಮೆ ಕಿರುಚಿದ.

ಅತ್ತೆಯ ಮುಖ ಮೆತ್ತಗಾಯಿತು. ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತಳು.

"ನಾನೂ ಒಂದ್ಸಲ ಕೇಳಿದ್ದೆ ಕಣೋ. ಸಾಯೋ ವರ್ಷ. ನಕ್ಕುಬಿಟ್ಟ. 'ದೇಶ ಗೀಶ ನಂಗೆ ಮರೆತೇ ಹೋಗಿದೆ ಮಗಳೇ. ಇಳಿದ ದಿನವೇ ಕರೆದು ಮಂಚ ಕೊಟ್ಟು, ಕೆಲಸ ಕೊಟ್ಟು, ನಿನ್ನ ವೋಟು ಬೇಕು ಅಂದ್ರು. ನಾನು ಫಿನ್ನರ್ಟಿ ವಾರ್ಡಿನೋನು ಅಷ್ಟೇ' ಅಂದ."

ಸಿನ್ಯೋರಾ ಪಾವಾನ್ ಕನ್ನಡಕ ತೆಗೆದು ಒರೆಸಿಕೊಂಡು, ಫೈಲನ್ನು ಕಿಟಕಿಯ ಕೆಳಗಿನಿಂದ ಮರ್ಯಾದೆಯಿಂದ ವಾಪಸ್ಸು ತಳ್ಳಿದರು. ಸಮಾಧಾನದ ಒಂದು ಮಾತು ಹೇಳದಿದ್ದರೆ ಚೆನ್ನಾಗಿರುವುದಿಲ್ಲ ಅನ್ನಿಸಿ ಸ್ಟ್ಯಾನ್ ಬೆಂಚಿನ ಹತ್ತಿರ ಬಂದು ಕಾರ್ಮೈನನ ಹೆಗಲ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಕೋಬೇಡ ಕಣೋ. ಫಿನ್ನರ್ಟಿ ವಾರ್ಡು ಎಲ್ಲಿತ್ತು ಅಂತ ನಂಗೆ ಚೆನ್ನಾಗಿ ಗೊತ್ತು. ಎಲ್ಲಾ ಕೆಡವಿ ಅದರ ಮೇಲೆ ಹೈವೇ ಮಾಡಿದಾರೆ. ನಿನ್ನ ಮುತ್ತಜ್ಜನ ದೇಶದ ಮೇಲೆ ಮೂವತ್ತು ವರ್ಷ ನೀನೇ ಬಸ್ ಓಡಿಸಿದೀಯ."