ಶಕ್ತಿ, ಸಾಮರ್ಥ್ಯ ಮತ್ತು ತ್ರೀ ಫೇಸ್

ನಾನು ಪಾಠ ಮಾಡಲು ನಿಂತರೆ ಏನಾದರೊಂದು ಆಗಿಯೇ ತೀರುತ್ತದೆ. ಅದನ್ನೆಲ್ಲ ಬರೆಯಬೇಕೆಂದು ಎಲ್ಲರೂ ಒತ್ತಾಯ ಮಾಡಿದರು. ಎಲ್ಲರೂ ಅಂದರೆ ಇಬ್ಬರು. ಹಿಂದೆಂದೂ ಬರೆದವಳಲ್ಲ, ಆದ್ದರಿಂದ ಪ್ರತಿಯೊಂದನ್ನೂ ಬಿಡಿಸಿ ಹೇಳುತ್ತೇನೆ. ಗೊತ್ತಿದ್ದವರು ಸ್ವಲ್ಪ ಸಹಿಸಿಕೊಳ್ಳಬೇಕು.

ನಾನು ಏಕಸಂಬಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿ. ಆಗ ನೌಕರಿ ಕಾಯಂ ಆಗಿರಲಿಲ್ಲ. ಶನಿವಾರ ಶಿಕ್ಷಣ ಇಲಾಖೆಯ ಸಾಹೇಬರು ಬಂದು, ನನ್ನ ಪಾಠ ನೋಡಿ, ಒಂದು ಕಾಗದಕ್ಕೆ ಸಹಿ ಹಾಕಿದರೆ ಕಾಯಂ. ಹಾಕದಿದ್ದರೆ ಮತ್ತೊಂದು ವರ್ಷ ಕಾಯಬೇಕು. ಪಾಠ: ಕೆಲಸ, ಶಕ್ತಿ, ಸಾಮರ್ಥ್ಯ. ಸೋಮವಾರದಿಂದಲೇ ತಯಾರಿ ಶುರು ಮಾಡಿದೆ.

೧. ಮೇವಿನ ಹೊರೆ

ವಸ್ತುವನ್ನು ನೂಕಿದಾಗ ಅದು ಸರಿದರೆ ಮಾತ್ರ ಕೆಲಸ. ಸರಿಯದಿದ್ದರೆ ನೀವು ಎಷ್ಟೇ ತಿಣುಕಿದರೂ ಕೆಲಸ ಸೊನ್ನೆ. ಹೊರೆ ಹೊತ್ತು ಸುಮ್ಮನೆ ನಿಂತರೂ ಸೊನ್ನೆ. ಇದು ನನ್ನ ಮಾತಲ್ಲ, ಭೌತಶಾಸ್ತ್ರದ್ದು.

ಸೋಮವಾರ ತರಗತಿಯಲ್ಲಿ ಇದನ್ನು ಹೇಳಿದೆ. ಮರುದಿನ ಒಬ್ಬ ಹುಡುಗನ ತಾಯಿ ಹೊಲದಿಂದ ನೆಟ್ಟಗೆ ಶಾಲೆಗೆ ಬಂದರು. ತಲೆಯ ಮೇಲೆ ಮೇವಿನ ಹೊರೆ.

"ಅಕ್ಕೋರ, ಇದನ್ನ ಹೊತ್ಕೊಂಡ ನಿಂತ್ರ ಕೆಲಸ ಅಲ್ಲಂತ ಹೇಳೀರಂತ. ಖರೇ ಏನ್ರಿ?"

"ಎತ್ತೂಮುಂದ ಕೆಲಸ ಆಗತೈತ್ರಿ. ಬರೇ ನಿಂತ್ರ ಸೊನ್ನೆರಿ."

"ಹಂಗಾರ ಹಿಡೀರಿ," ಎಂದು ಹೊರೆಯನ್ನು ನನ್ನ ತಲೆಗೆ ವರ್ಗಾಯಿಸಿದರು. ನಳಕ್ಕೆ ಹೋಗಿ ಮುಖ ತೊಳೆದರು. ನೀರು ಕುಡಿದರು. ಒಬ್ಬೊಬ್ಬ ಮಾಸ್ತರರ ಹತ್ತಿರವೂ ಹೋಗಿ ಮಗನ ಮಾರ್ಕ್ಸ್ ವಿಚಾರಿಸಿದರು. ಕನ್ನಡದ ಮಾಸ್ತರರ ಹತ್ತಿರ ಎರಡು ಸಲ.

ಹೊತ್ತು ನಿಂತಾಗ ನಮ್ಮ ಸ್ನಾಯುಗಳಲ್ಲಿ ಶಕ್ತಿ ಖರ್ಚಾಗುತ್ತದೆ, ಹೊರೆಯ ಮೇಲೆ ಮಾತ್ರ ಕೆಲಸ ಆಗುವುದಿಲ್ಲ. ಇದನ್ನು ನಾನು ಅವರಿಗೆ ವಿವರಿಸಬಹುದಿತ್ತು. ಕುತ್ತಿಗೆ ತಿರುಗುತ್ತಿರಲಿಲ್ಲ.

ಕೊನೆಗೆ ಬಂದು ಕೇಳಿದರು, "ಕೆಲಸ ಎಷ್ಟಾತ್ರಿ?"

"ಬಾಳ ಆತ್ರಿ ಅಕ್ಕಾ."

"ಹಂಗಂತ ಪುಸ್ತಕದಾಗ ಬರಿಸ್ರಿ ಮತ್ತ," ಎಂದು ಹೊರೆ ಹೊತ್ತು ಹೋದರು.

೨. ಒಂದು ಎಚ್‌ಪಿ

ಸಾಮರ್ಥ್ಯ ಎಂದರೆ ಕೆಲಸವನ್ನು ಎಷ್ಟು ಬೇಗ ಮಾಡುತ್ತೀರಿ ಎಂಬುದು. ಪಂಪ್‌ಸೆಟ್ಟಿನ ಮೇಲೆ ಬರೆದಿರುವ ಎಚ್‌ಪಿ ಅದೇ. ಮೆಟ್ಟಿಲು ಹತ್ತಿ ಮನುಷ್ಯನ ಎಚ್‌ಪಿಯನ್ನೂ ಲೆಕ್ಕ ಹಾಕಬಹುದು. ತೂಕ, ಎತ್ತರ, ಸಮಯ ಇಷ್ಟೇ ಬೇಕು.

ಬುಧವಾರ ಪಿಟಿ ಮಾಸ್ತರರನ್ನೂ ಹೆಡ್‌ಮಾಸ್ತರರನ್ನೂ ಹತ್ತಿಸಿದೆ. ಪಿಟಿ ಮಾಸ್ತರರು ಕಡ್ಡಿಯಂಥವರು, ಮೂರು ಸೆಕೆಂಡಿಗೆ ಮೇಲಿದ್ದರು. ಹೆಡ್‌ಮಾಸ್ತರರ ತೂಕ ಅವರ ಎರಡು ಪಟ್ಟು. ಮೆಟ್ಟಿಲ ಪಕ್ಕದ ಕಠಡಾ ಹಿಡಿದು ಐದು ಸೆಕೆಂಡಿಗೆ ಮುಟ್ಟಿದರು. ಲೆಕ್ಕ ಮಾಡಿದರೆ ಹೆಡ್‌ಮಾಸ್ತರರು ಒಂದು ಎಚ್‌ಪಿ ದಾಟಿದ್ದರು, ಪಿಟಿ ಮಾಸ್ತರರು ದಾಟಿರಲಿಲ್ಲ.

"ಮೊದಲ ಮುಟ್ಟಿದಾಂವ ನಾನ್ರಿ," ಎಂದರು ಪಿಟಿ ಮಾಸ್ತರರು.

"ವಜನ ಕಡಿಮಿ ಬಿತ್ರಿ ಸರ್."

"ವಜನ ಬೇಕೇನ್ರಿ? ತರತೇನಿ ತಡೀರಿ."

ಬಿಸಿಯೂಟದ ಅಕ್ಕಿ ಚೀಲ ಹೊತ್ತು ಬಂದರು. ಒಂಬತ್ತನೇ ಮೆಟ್ಟಿಲಿಗೆ ನಿಂತರು. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಸಮಯ ಮಾತ್ರ ಹೋಗುತ್ತಿತ್ತು, ಆದ್ದರಿಂದ ಸಾಮರ್ಥ್ಯ ಕ್ಷಣಕ್ಷಣಕ್ಕೂ ಇಳಿಯುತ್ತಿತ್ತು. ಇದನ್ನು ಅವರಿಗೆ ತಿಳಿಸಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಅಷ್ಟರಲ್ಲಿ ಅಡುಗೆಯ ಮಾವಶಿ ಸೌಟು ಹಿಡಿದು ಬಂದರು. "ಸರ್, ಅಕ್ಕಿ ಮ್ಯಾಲ ಯಾಕ ಒಯ್ಯಾಕತ್ತೀರಿ? ಒಲಿ ಕೆಳಗ ಐತಿ."

೩. ಸಾಹೇಬರು ಬಂದರು

ಶನಿವಾರ ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತರು. ರಾಯಬಾಗ ಕಡೆಯವರು, ಬೈಕಿನಲ್ಲಿ ಬಂದಿದ್ದರು. ಪಾಠ ಮುಗಿಯುತ್ತಿದ್ದಂತೆ ಅವರು ಕೇಳಿದರು, "ಸಾಮರ್ಥ್ಯ ಅಂದ್ರ ಏನು? ಯಾರ್ ಹೇಳ್ತೀರಿ?"

ಎಲ್ಲರೂ ತಲೆ ಬಗ್ಗಿಸಿ ಪುಸ್ತಕದ ಪುಟ ತಿರುವತೊಡಗಿದರು. ನನ್ನ ಕಣ್ಣ ಮುಂದೆ ಇನ್ನೊಂದು ವರ್ಷ ಹಾದುಹೋಯಿತು.

ಆಗ ಪಕ್ಕದ ಹೊಲದಲ್ಲಿ ಪಂಪ್‌ಸೆಟ್ ಗುಂಯ್ ಎಂದಿತು. ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ಹೊಲದ ಮೋಟಾರಿಗೆ ತ್ರೀ ಫೇಸ್ ಕರೆಂಟು ಬೇಕು, ಅದು ದಿನಕ್ಕೆ ಕೆಲವೇ ತಾಸು ಬರುತ್ತದೆ. ಬಂದ ಕೂಡಲೇ ಯಾರು ಹತ್ತಿರ ಇರುತ್ತಾರೋ ಅವರು ಓಡಿ ಗುಂಡಿ ಒತ್ತಬೇಕು. ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು.

"ಯಾಕವಾ, ಉತ್ತರ ಹೇಳ್ತೀ ಏನು?" ಎಂದರು ಸಾಹೇಬರು.

"ಇಲ್ರಿ ಸರ್, ತ್ರೀ ಫೇಸ್ ಬಂತ್ರಿ. ಮೋಟರ್ ಚಾಲೂ ಮಾಡಬೇಕ್ರಿ."

"ತಾಸ್ ಮುಗಿಲಿ, ಹೋಗಿಯಂತ."

"ನಮ್ದು ಐದು ಎಚ್‌ಪಿ ಐತ್ರಿ. ಹತ್ತು ಎಚ್‌ಪಿ ಇದ್ರ ಅಷ್ಟ ನೀರು ಅರ್ಧ ವ್ಯಾಳ್ಯಾದಾಗ ಬರ್ತಿತ್ರಿ, ನಾ ಕುಂತ ಪಾಠ ಕೇಳ್ತಿದ್ನಿ."

ಸಾಮರ್ಥ್ಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಪುಸ್ತಕದಲ್ಲಿಯೂ ಇಲ್ಲ. ಆನಂದದಿಂದ ಸಾಹೇಬರ ಕಡೆ ನೋಡಿದೆ. ಅವರು ಕಿಟಕಿಯ ಹತ್ತಿರ ಫೋನಿನಲ್ಲಿದ್ದರು.

"ಏ, ಅಲ್ಲೆ ಬಂತೇನ ನೋಡ. ಬಂದು ಎಷ್ಟೊತ್ತಾತು? ಮತ್ತ ನೀ ಇನ್ನೂ ಮನ್ಯಾಗ ಏನ್ ಮಾಡಾಕತ್ತಿ? ಕಬ್ಬು ಒಣಗಾಕತ್ತೈತಿ. ಇರ್ಲಿ, ನಾನ ಬರ್ತೀನಿ."

ತಿರುಗಿ ನೋಡಿದಾಗ ತರಗತಿಯಲ್ಲಿ ಹೊಲ ಇಲ್ಲದ ಏಳು ಮಂದಿ ಉಳಿದಿದ್ದರು. "ಚಲೋ ಪಾಠ ಅಕ್ಕೋರ," ಎಂದವರೇ ಸಾಹೇಬರೂ ಹೊರಟರು.

ಕಾಗದ ನನ್ನ ಕೈಯಲ್ಲಿಯೇ ಇತ್ತು. ಓಡಿಹೋಗಿ ಗೇಟಿನಲ್ಲಿ ಹಿಡಿದೆ. ಅವರು ಬೈಕು ಬಂದ್ ಮಾಡಲಿಲ್ಲ. ಟ್ಯಾಂಕಿನ ಮೇಲೆ ಕಾಗದ ಇಟ್ಟು, ಸಹಿ ಹಾಕಿ, ಹೋಗಿಯೇಬಿಟ್ಟರು. ಎಂಜಿನ್ನಿನ ಅದುರುವಿಕೆ ಟ್ಯಾಂಕಿಗೆ, ಟ್ಯಾಂಕಿನಿಂದ ಕಾಗದಕ್ಕೆ, ಕಾಗದದಿಂದ ಪೆನ್ನಿಗೆ ಹರಿದಿತ್ತು. ಶಕ್ತಿ ಹೀಗೆಯೇ ವರ್ಗವಾಗುತ್ತದೆ.

ಹೆಡ್‌ಮಾಸ್ತರರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಅಕ್ಕೋರ, ಇದು ಸಹಿ ಅಲ್ರಿ, ಇಸಿಜಿ. ಯಾರಿಗೋ ಎದಿ ಬ್ಯಾನಿ ಐತಿ."

ಆ ಇಸಿಜಿಯ ಮೇಲೆಯೇ ನನ್ನ ನೌಕರಿ ಕಾಯಂ ಆಗಿದೆ.