ಊಟದ ಹೊತ್ತಿನ ಕಂಪ್ಯೂಟರ್

ಇಂಥ ಪ್ರಸಂಗಗಳು ನನಗೇ ಯಾಕೆ ಗಂಟು ಬೀಳುತ್ತಿದ್ದವೋ ಗೊತ್ತಿಲ್ಲ. ಬಸ್ಸು ಹತ್ತಿ ಹೊರಟರೆ ಸಾಕು, ತಿಂಗಳಿಗೊಂದಾದರೂ ನಡೆದೇ ತೀರುತ್ತಿತ್ತು.

ಎಂಬತ್ತರ ದಶಕದ ಕೊನೆ. ತುಮಕೂರಿನ ಒಂದು ಸಣ್ಣ ಅಂಗಡಿಯಲ್ಲಿ ನಾನು ಕಂಪ್ಯೂಟರ್ ರಿಪೇರಿಯವನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಊರಿಗೊಂದು ಕಚೇರಿ, ಕಚೇರಿಗೊಂದು ಕಂಪ್ಯೂಟರ್. ಫ್ಲಾಪಿ ಡಬ್ಬ ಹಿಡಿದು ತಿಂಗಳಿಗೊಮ್ಮೆ ಸುತ್ತುತ್ತಿದ್ದೆ. ಅವಕ್ಕೆಲ್ಲ ಒಂದು ಪ್ರೋಗ್ರಾಮ್ ಹಾಕಿದ್ದೆ. ಅದು ತೆರೆಯ ಮೇಲೆ ಕಾಣುವುದಿಲ್ಲ, ನೀವು ಮಾಡುವ ಕೆಲಸದ ಹಿಂದೆ ಸುಮ್ಮನೆ ಕೂತಿರುತ್ತದೆ. ಐದು ನಿಮಿಷ ಯಾರೂ ಕೀಲಿ ಮುಟ್ಟದಿದ್ದರೆ ಎದ್ದು, ಡಿಸ್ಕಿನಲ್ಲಿ ಕೆಟ್ಟ ಜಾಗ ಎಲ್ಲಿದೆ ಎಂದು ಹುಡುಕಿ, ಅಲ್ಲಿದ್ದ ಅಕ್ಷರಗಳನ್ನು ಒಳ್ಳೆಯ ಜಾಗಕ್ಕೆ ಸಾಗಿಸುತ್ತದೆ. ಕಾಲು ಗಂಟೆಯ ಕೆಲಸ. ಯಾರೂ ಕಾಯಬೇಕಿಲ್ಲ. ಇಷ್ಟನ್ನು ಎಲ್ಲ ಊರಲ್ಲೂ ಹೇಳಿದ್ದೆ. ಅವರವರಿಗೆ ಬೇಕಾದ ಹಾಗೆ ಕೇಳಿಸಿಕೊಂಡಿದ್ದರು.

೧. ಮಧುಗಿರಿ

ಹೆಡ್ ಕ್ಲರ್ಕು ದಿನಾ ಮಿಡಿಗೇಶಿಯಿಂದ ಬಸ್ಸಲ್ಲಿ ಬರುವ ಹಿರಿಯರು. ಎರಡನೇ ತಿಂಗಳು ಹೋದರೆ ಕಂಪ್ಯೂಟರಿನ ಪ್ಲಗ್ಗೇ ಕಿತ್ತಿಟ್ಟಿದ್ದರು.

"ಯಾಕೆ ಸಾರ್?"

"ಯಾರೂ ಕೂತಿಲ್ಲ, ಕೆಂಪು ದೀಪ ಮಾತ್ರ ಮಿಣಕ್ ಮಿಣಕ್ ಅಂತೈತೆ. ಹೆಂಗಪ್ಪ ಸುಮ್ನೆ ಬುಡೋದು?"

ಅದು ತನ್ನಷ್ಟಕ್ಕೆ ತಾನು ಹಿಂದಿನಿಂದ ಕೆಲಸ ಮಾಡುತ್ತಿದೆ ಎಂದು ಮತ್ತೆ ವಿವರಿಸಿದೆ. ಅವರು ಒಮ್ಮೆ ಕೋಣೆ ಪೂರ್ತಿ ಕಣ್ಣಾಡಿಸಿದರು. ನಾಲ್ಕು ಮೇಜು. ಎರಡು ಖಾಲಿ, ಒಂದರಲ್ಲಿ ಪೇಪರ್ ಓದುವವನು, ಇನ್ನೊಂದರಲ್ಲಿ ತೂಕಡಿಸುವವನು.

"ಯಾರೂ ಹೇಳ್ದೆ, ಯಾರೂ ನೋಡ್ದೆ ಇರೋವಾಗ್ಲೂ ಕೆಲ್ಸ ಮಾಡ್ತೈತೆ ಅಂತೀಯ?"

"ಹೌದು ಸಾರ್."

"ಆಫೀಸ್ನಾಗೆ ಅಂಗೆಲ್ಲ ಅಭ್ಯಾಸ ಮಾಡುಸ್ಬ್ಯಾಡ ಕಣಪ್ಪ. ನಾಳೆ ನಮ್ಮನ್ನೂ ಕೇಳ್ತಾರೆ."

೨. ಶಿರಾ

ಇಲ್ಲಿನ ಟೈಪಿಸ್ಟು ಒಬ್ಬ ಮುಸ್ಲಿಂ ಹಿರಿಯರು, ಎಲ್ಲರ ಬಾಯಲ್ಲೂ ಸಾಹೇಬರು. ಮೂವತ್ತು ವರ್ಷ ಕುಟ್ಟಿದ ಟೈಪ್‌ರೈಟರನ್ನು ಸ್ಟೋರ್ ರೂಮಿಗೆ ಹಾಕಿ, ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದರು. ನಿವೃತ್ತಿಗೆ ಕೆಲವೇ ತಿಂಗಳಿತ್ತು. ಟೈಪ್ ಮಾಡಿದ ಪತ್ರದಲ್ಲಿ ಪದಗಳು ಬಿಟ್ಟುಹೋಗುತ್ತಿವೆ, ಸಾಹೇಬರಿಗೆ ಕಣ್ಣು ಮಂಜಾಗಿದೆ ಎಂದು ದೂರು. ಮೇಲಿನವರು ಎಲ್ಲರೆದುರಿಗೇ ಹಾಗೆ ಅಂದಿದ್ದರಂತೆ.

ನಾನು ಪಕ್ಕದಲ್ಲಿ ನಿಂತು ನೋಡಿದೆ. ಅವರ ಬೆರಳು ಓಡುವ ವೇಗಕ್ಕೆ ತೆರೆಯ ಅಕ್ಷರಗಳು ಹಿಂದೆ ಬಿದ್ದವು. ಸ್ವಲ್ಪ ಹೊತ್ತಿಗೆ ಯಂತ್ರ ಕುಂಯ್ ಕುಂಯ್ ಎಂದು ಕೂಗಿ ಪದಗಳನ್ನೇ ನುಂಗಿತು. ಸಾಹೇಬರು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಬೇಟಾ, ನಾನು ನಿಧಾನ ಅಂತ ಇದನ್ನ ತಂದ್ರು. ಈಗ ಇದು ನನಗೇ ನಿಧಾನ ಮಾಡು ಅಂತೈತೆ."

ಪರೀಕ್ಷಿಸಿದರೆ ತಪ್ಪು ನನ್ನ ಪ್ರೋಗ್ರಾಮಿನದು. ಒಮ್ಮೆ ಎದ್ದ ಮೇಲೆ ಯಾರಾದರೂ ಕೀಲಿ ಒತ್ತಿದ ಕೂಡಲೇ ಅದು ಜಾಗ ಬಿಡಬೇಕಿತ್ತು, ಬಿಡುತ್ತಿರಲಿಲ್ಲ. ತೆಗೆದುಹಾಕಿ, ಕ್ಷಮಿಸಿ ಅಂದೆ.

"ಅದನ್ನೇ ಒಂದು ಚೀಟೀಲಿ ಬರ್ದುಕೊಡ್ತೀಯಾ?" ಅಂದರು.

'ಟೈಪಿಸ್ಟರ ವೇಗಕ್ಕೆ ಯಂತ್ರ ಸಾಲದು' ಎಂದು ಬರೆದು ಸಹಿ ಹಾಕಿದೆ. ನಿವೃತ್ತಿಯ ದಿನ ಹಾರ ಹಾಕಿ ನಾಲ್ಕು ಮಾತಾಡಿ ಅಂದಾಗ, ಎದ್ದು ನಿಂತು ಆ ಚೀಟಿ ಓದಿ ಕೂತುಬಿಟ್ಟರಂತೆ. ಅವರಾಡಿದ ಭಾಷಣ ಅಷ್ಟೇ.

೩. ಪಾವಗಡ

ಪಾವಗಡದ ಕಚೇರಿಯ ಸೂಪರಿಂಟೆಂಡೆಂಟರು ಊಟಕ್ಕೆ ಮನೆಗೆ ಹೋಗುತ್ತಿದ್ದವರು. ಆ ವರ್ಷ ಅವರ ಹೆಂಡತಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅದಾದ ಮೇಲೆ ಊಟದ ಹೊತ್ತಿನಲ್ಲಿ ಎಲ್ಲರನ್ನೂ ಕಳಿಸಿ ತಾವು ಕಂಪ್ಯೂಟರ್ ಮುಂದೆ ಕೂರತೊಡಗಿದರು. ಕೇಳಿದವರಿಗೆ, "ಒಳಗೆ ರಿಪೇರಿ ನಡೀತಾ ಐತೆ. ಒಬ್ಬರು ಕಾಯ್ಬೇಕು," ಅನ್ನುತ್ತಿದ್ದರು.

ನಾನು ಹೋದಾಗ ಬಾಗಿಲು ಮುಂದೆ ಮಾಡಿ, ಆ ಕಡೆಯ ತೆಲುಗು ಸಲುಗೆಯಲ್ಲಿ ಕೇಳಿದರು. "ನಾಯನಾ, ಇದು ಕಾಲು ಗಂಟೆಗೆ ಮುಗಿದುಹೋಗ್ತದಲ್ಲ. ಒಂದು ಗಂಟೆ ಹಿಡಿಯೋ ಹಂಗೆ ಮಾಡಕ್ಕಾಗ್ತದಾ?"

"ಎಲ್ಲರೂ ಬೇಗ ಮುಗಿಸು ಅಂತಾರೆ ಸಾರ್."

"ಅವರ ಮನೇಲಿ ಅಡಿಗೆ ಆಗಿರ್ತದೆ," ಅಂದರು.

ನಾನು ಪ್ರೋಗ್ರಾಮನ್ನು ನಾಲ್ಕು ಸಲ ಓಡುವಂತೆ ಮಾಡಿದೆ. ಕೆಟ್ಟದ್ದೇನೂ ಇಲ್ಲದ ಡಿಸ್ಕನ್ನು ಅದು ನಾಲ್ಕು ಸಲ ನೋಡುತ್ತಿತ್ತು.

ಮುಂದಿನ ತಿಂಗಳು ಹೋದರೆ ಕಂಪ್ಯೂಟರ್ ಸುತ್ತ ಮೂವರು ಕೂತಿದ್ದರು. ಸೂಪರಿಂಟೆಂಡೆಂಟರು, ಒಬ್ಬ ಗುಮಾಸ್ತರು, ಅಟೆಂಡರು. ನಡುವೆ ಟಿಫನ್ ಕ್ಯಾರಿಯರ್. ಅಟೆಂಡರ್ ನನ್ನನ್ನು ವರಾಂಡಕ್ಕೆ ಕರೆದು ಹೇಳಿದ. "ಅಣ್ಣಾ, ನಮಗೆ ಮೊದಲಿಂದ್ಲೂ ಗೊತ್ತು, ಅದುಕ್ಕೆ ಕಾವಲು ಬೇಕಿಲ್ಲ. ಆಯಪ್ಪ ಬರೀ ನೀರು ಕುಡಿದು ಕೂತ್ಕೋತಿದ್ರು. ಊಟಕ್ಕೆ ಬನ್ನಿ ಅಂದ್ರೆ ಬರಲ್ಲ. ಅದುಕ್ಕೇ ನಾವೇ, ಒಬ್ರು ಕಾದ್ರೆ ಸಾಲ್ದು ಸಾರ್ ಅಂತ, ಸರದಿ ಮೇಲೆ ಮುದ್ದೆ ತಂದು ಕೂತ್ಕೋತೀವಿ."

ಹಾಗೇ ಏಳೆಂಟು ತಿಂಗಳು ನಡೆಯಿತು. ಸೂಪರಿಂಟೆಂಡೆಂಟರ ಮುಖದಲ್ಲಿ ಸ್ವಲ್ಪ ಕಳೆ ಬಂತು. ಒಂದು ದಿನ ಊಟದ ಹೊತ್ತಿಗೇ ಹೋದೆ. ಮೂವರೂ ಎಂದಿನಂತೆ ತೆರೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ತೆರೆ ಕಪ್ಪಗಿತ್ತು. ದೀಪವಿಲ್ಲ, ಸದ್ದಿಲ್ಲ. ಸ್ವಿಚ್ ಒತ್ತಿದೆ, ಜೀವವಿಲ್ಲ. ಒಳಗಿನ ಪವರ್ ಸಪ್ಲೈ ಸುಟ್ಟುಹೋಗಿತ್ತು.

"ಸಾರ್, ಇದು ಕೆಟ್ಟು ಎಷ್ಟು ದಿನ ಆಯ್ತು?"

"ಸೋಮವಾರಕ್ಕೆ ಮೂರು ವಾರ," ಅಂದ ಅಟೆಂಡರ್, ತಟ್ಟೆಯಿಂದ ತಲೆ ಎತ್ತದೆ.

"ಮತ್ತೆ ನಮಗೆ ಯಾಕೆ ಹೇಳಿಕಳಿಸಲಿಲ್ಲ?"

ಸೂಪರಿಂಟೆಂಡೆಂಟರು ಮುದ್ದೆ ಮುರಿಯುತ್ತ ಅಂದರು.

"ಹೇಳಿದ್ರೆ ನೀನು ಅದನ್ನ ತುಮಕೂರಿಗೆ ಎತ್ಕೊಂಡು ಹೋಗ್ಬಿಡ್ತಿದ್ದೆ, ನಾಯನಾ."